ಚಂದ್ರನ ಲೆಕ್ಕದ ಕೆಂಪು ತಂತಿ

ಚೌಕಟ್ಟಿನ ಕೆಳಗೆ ಹಾಸಿದ್ದ ಕಪ್ಪು ಮಖಮಲ್ಲು ಸ್ವಲ್ಪ ಸೊಟ್ಟಗಿತ್ತು. ಎಳೆದು ನೆಟ್ಟಗೆ ಮಾಡೋಣವೆಂದು ಮಂಜುಶ್ರೀ ಕೈ ಹಾಕಿದಳು. ಬೆರಳಿಗೆ ಬೆಚ್ಚಗಿನ ಏನೋ ತಗುಲಿತು.

ಬಟ್ಟೆ ಎತ್ತಿ ನೋಡಿದಳು. ಬೆಂಕಿಪೊಟ್ಟಣದಷ್ಟು ಒಂದು ಹಸಿರು ಬೋರ್ಡು, ಅದರ ಮೇಲೊಂದು ಚಿಪ್. ಅಲ್ಲಿಂದ ಹೊರಟ ವೈರುಗಳು ಸೀದಾ ಮೇಲಿನ, ಅಂಕಿ ತೋರಿಸುವ ಪೆಟ್ಟಿಗೆಗೆ ಹೋಗಿದ್ದವು. ಚಳಿಗಾಲದಿಂದ ಬೇಸಿಗೆಯವರೆಗೆ ಅವಳು ಕೂತು ನೇಯ್ದ ತಂತಿಗಳ ತುದಿಗಳು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅವನ್ನು ಬಿಚ್ಚಿ, ಟೇಪ್ ಸುತ್ತಿ, ಯಾರಿಗೂ ಕಾಣದ ಹಾಗೆ ಹಿಂದಕ್ಕೆ ಮಡಚಿ ಇಟ್ಟಿದ್ದರು. ಸತ್ತ ಇಲಿಯನ್ನು ನೆಂಟರು ನೋಡುವ ಮೊದಲು ಕಾಗದದಲ್ಲಿ ಸುತ್ತಿಟ್ಟ ಹಾಗೆ.

ಮಂಜುಶ್ರೀಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಈಗ ಅದಕ್ಕೆ ಕಾರಣವೂ ಸಿಕ್ಕಿತು.

"ಜಯಂತ್ ಅವರ, ಇದೇನ್ರೀ ಇದು?"

ಹಾಲಿನ ಆ ತುದಿಯಲ್ಲಿ ಗಾಜು ಒರೆಸುತ್ತಿದ್ದ ಜಯಂತ ತಿರುಗಿದ. ಅವಳ ಕೈಯಲ್ಲಿ ಎತ್ತಿ ಹಿಡಿದ ಮಖಮಲ್ಲು ಕಂಡಿತು. ಅವನ ಕಿವಿಗಳು ಕೆಂಪಾದವು. ಅವನದೊಂದು ವಿಚಿತ್ರ, ಮಾತು ಬರಬೇಕಾದ ಕಡೆ ಬರೀ ಬಣ್ಣ ಬರುತ್ತಿತ್ತು.

"ಅದು... ಮಂಜುಶ್ರೀ ಅವರೇ, ನಾನೇ ಹೇಳ್ಬೇಕು ಅಂತ..."

"ಅಂತ? ಮುಂದ?"

ಅವನು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತ ನಿಂತ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಉದಯಶಂಕರ ಅಂಕಲ್ ಬಂದರು. ಸ್ಯಾನ್ ಡಿಯೇಗೊದ ಲಿಟಲ್ ಇಟಲಿ ಬಡಾವಣೆಯ ಹಿಂದಿನ ಬೀದಿಯಲ್ಲಿದ್ದ ಆ ಹಳೇ ಕಂಪ್ಯೂಟರುಗಳ ಮ್ಯೂಸಿಯಂ ಅವರದೇ. ಟೆಲಿಕಾಂ ಕೆಲಸದಿಂದ ರಿಟೈರ್ ಆದ ಮೇಲೆ ಬಾಡಿಗೆ ಹಾಲಿನಲ್ಲಿ ಕಟ್ಟಿಕೊಂಡ ಪುಟ್ಟ ಸಂಸಾರ. ನಾಳೆ ಶನಿವಾರ ಅಲ್ಲಿ ಮೂನ್ ಡೇ, ಮನುಷ್ಯ ಚಂದ್ರನ ಮೇಲೆ ಇಳಿದ ನೆನಪಿನ ಹಬ್ಬ. ಊರಿನ ಅರ್ಧ ಕನ್ನಡದವರು, ಅಕ್ಕಪಕ್ಕದ ಅಮೆರಿಕನ್ನರು, ಎಲ್ಲರೂ ಬರುವವರಿದ್ದರು.

"ಅಯ್ಯೋ, ಅದು ಬರೀ ಬ್ಯಾಕಪ್ ಕಣಮ್ಮ," ಎಂದರು ಅಂಕಲ್. "ನಿಮ್ಮ ತಂತಿ ಟೆಸ್ಟ್ ಮಾಡಿದಾಗ ಏನೋ ಎಡವಟ್ಟಾಗಿತ್ತಂತೆ. ನಾನೇ ಜಯಂತ್‌ಗೆ ಹೇಳಿ ಒಂದು ಚಿಪ್ ಕೂರಿಸ್ದೆ. ನೋಡೋ ಜನಕ್ಕೆ ಒಳಗಡೆ ಏನಿದೆ ಅಂತ ಏನು ಗೊತ್ತಾಗುತ್ತೆ? ನಿಮ್ಮ ಡೆಕೋರೇಶನ್ ಅಂತೂ ಸೂಪರಾಗಿದೆ."

ಡೆಕೋರೇಶನ್.

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ. ಪಾಪ, ಅಂಕಲ್‌ಗೆ ತಾವು ತುಪ್ಪ ಸುರಿದದ್ದು ಗೊತ್ತೂ ಆಗಲಿಲ್ಲ, ಹೊಗಳಿದೆನೆಂದೇ ತಿಳಿದು ಮುಗುಳ್ನಗುತ್ತಿದ್ದರು.

"ಬ್ಯಾಕಪ್ ಅಂದ್ರ ಮೊದಲಿಂದು ಕೆಟ್ಟಾಗ ಬರೂದು ಅಂಕಲ್. ಮೊದಲಿಂದನ್ನ ಕಿತ್ತು ಮಡಚಿಟ್ಟು ಅದರ ಜಾಗಕ್ಕ ಇನ್ನೊಂದನ್ನ ಕೂಡಿಸಿದ್ರ ನಮ್ಮ ಧಾರವಾಡ ಕಡೆ ಅದಕ್ಕ ಮೋಸ ಅಂತಾರ."

ಹಾಗೆಂದು ಅವಳು ಅಂಕಿ ಪೆಟ್ಟಿಗೆಯ ಪ್ಲಗ್ ಎಳೆದಳು. ಊಟದ ಎಲೆಯಷ್ಟಿದ್ದ ಚೌಕಟ್ಟನ್ನು ಆ ಮಖಮಲ್ಲಿನಲ್ಲೇ ಸುತ್ತಿದಳು, ಚೀಲಕ್ಕೆ ಇಳಿಸಿದಳು, ಹೆಗಲಿಗೆ ಹಾಕಿದಳು. ಬಾಗಿಲ ಹತ್ತಿರ ಹೋಗಿ ಒಂದು ಸಲ ತಿರುಗಿದಳು, ಜಯಂತನ ಕಡೆಗೆ ಮಾತ್ರ.

"ಅಂಕಲ್ ಹೇಳಿದ್ರು ಸರಿ. ನೀವು ಮಾಡಿದ್ರಲ್ಲ."

ಅವನ ಬಾಯಲ್ಲಿ ಬಿಸಿ ಕಡುಬು ಇದ್ದ ಹಾಗಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ನಿಂತೇ ಇದ್ದ.

*

ಈ ಇಬ್ಬರ ಪರಿಚಯವೇ ಜಗಳದಿಂದ ಶುರುವಾದದ್ದು.

ಮಂಜುಶ್ರೀ ಸಿನಿಮಾ ಸ್ಟುಡಿಯೊಗಳ ಊರಾದ ಬರ್ಬ್ಯಾಂಕಿನಲ್ಲಿ ಪ್ರಾಪ್ಸ್ ಮಾಡುವವಳು. ಸೀರಿಯಲ್ಲು ಸಿನಿಮಾಗಳಿಗೆ ಬೇಕಾದ ಹಳೇ ಟೆಲಿಫೋನು, ಸುಳ್ಳು ಕತ್ತಿ, ಹರಿದ ಪರದೆ, ಏನು ಕೇಳಿದರೂ ಕೈಯಲ್ಲಿ ಮಾಡಿಕೊಡುತ್ತಿದ್ದಳು. ಹೋದ ವರ್ಷ ಚಂದ್ರನಿಗೆ ಹೋಗುವ ಕಥೆಯೊಂದಕ್ಕೆ ನೌಕೆಯ ಒಳಭಾಗ ಮಾಡಬೇಕಾಗಿ ಬಂತು. ನಿಜವಾದ ಕಂಪ್ಯೂಟರ್ ಹೇಗಿತ್ತೆಂದು ನೋಡಲು ಅಂಕಲ್ ಮ್ಯೂಸಿಯಂಗೆ ಬಂದಳು. ಅಲ್ಲಿ ಶನಿವಾರದ ವಾಲಂಟಿಯರ್ ಆಗಿ ಸಿಕ್ಕವನು ಜಯಂತ. ಬೆಂಗಳೂರಿನವನು, ಸೊರೆಂಟೊ ವ್ಯಾಲಿಯ ಕಂಪನಿಯೊಂದರಲ್ಲಿ ಟೆಲಿಕಾಂ ಇಂಜಿನಿಯರ್.

ಅವನು ಗಾಜಿನೊಳಗಿನ ಒಂದು ಫೋಟೋ ತೋರಿಸಿದ. ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಕಾಂತದ ಉಂಗುರಗಳು, ಅವುಗಳ ನಡುವೆ ಓಡಾಡುವ ಕೂದಲೆಳೆಯಂಥ ತಂತಿ. ಆಗ ನಮ್ಮ ಫೋನಿನಲ್ಲಿರುವಂಥ ಮೆಮೊರಿ ಇರಲಿಲ್ಲ, ಚಂದ್ರನ ದಾರಿಯ ಲೆಕ್ಕವನ್ನು ಹೀಗೆ ನೇಯ್ದು ಇಡುತ್ತಿದ್ದರು ಎಂದ. ತಂತಿ ಉಂಗುರದ ಒಳಗೆ ತೂರಿದರೆ ಒಂದು, ಹೊರಗಿನಿಂದ ಹಾದರೆ ಸೊನ್ನೆ. ಕಂಪ್ಯೂಟರಿಗೆ ಗೊತ್ತಿರುವ ಅಕ್ಷರಗಳು ಅವೆರಡೇ. ಬಾಸ್ಟನ್ ಕಡೆಯ ಕಾರ್ಖಾನೆಯಲ್ಲಿ ಹೆಂಗಸರು ಕೂತು ತಿಂಗಳುಗಟ್ಟಲೆ ನೇಯುತ್ತಿದ್ದರು ಎಂದೂ ಹೇಳಿದ.

"ಲೇಡೀಸ್ ಕೈಯಲ್ಲಿ ಮಾಡಿದ್ದು, ಆದ್ರೂ ಚಂದ್ರನ ತನಕ ಕೆಲಸ ಮಾಡ್ತು," ಎಂದ ಕೊನೆಗೆ, ಮೆಚ್ಚಿಕೊಂಡೇ.

"ಆದ್ರೂ?" ಎಂದಳು ಮಂಜುಶ್ರೀ.

ಅವನ ಕಿವಿ ಕೆಂಪಾದದ್ದನ್ನು ಅವಳು ಮೊದಲು ನೋಡಿದ್ದು ಆವತ್ತು.

"ಕೈಯಾಗ ಮಾಡಿದ್ರು, ಅದಕ್ಕ ಕೆಲಸ ಮಾಡ್ತು ಅನ್ರಿ. ಆದ್ರೂ ಅಂತೀರಲ್ಲ? ಆಗಿನ ಇಂಜಿನಿಯರ್‌ಗಳು ಇದಕ್ಕ ಏನು ಅಡ್ಡಹೆಸರು ಇಟ್ಟಿದ್ರು?"

ಜಯಂತನಿಗೆ ಗೊತ್ತಿತ್ತು. ಹೇಳಲೋ ಬೇಡವೋ ಎಂದು ಯೋಚಿಸಿ, ಕೆಳದನಿಯಲ್ಲಿ ಹೇಳಿದ. "ಮುದುಕಿಯರ ಮೆಮೊರಿ ಅಂತ."

"ನೋಡ್ರಿ ಮತ್ತ. ಜೀವ ಕೈಯಾಗ ಹಿಡಕೊಂಡು ಅಷ್ಟು ಮ್ಯಾಲೆ ಹೋದೋರು ಆ ಹೆಣ್ಣುಮಕ್ಕಳ ಬೆರಳು ನಂಬಿ ಹೋದ್ರು. ಇಲ್ಲಿ ಕುರ್ಚಿ ಮ್ಯಾಲೆ ಕೂತೋರು ನಗತಾರ. ನಾ ಒಂದು ನೇಯ್ದು ತೋರಿಸ್ತೀನಿ. ದೊಡ್ಡದಾಗಿ. ಬಳೆಯಷ್ಟು ಉಂಗುರ ಹಾಕಿ, ಎಲ್ಲಾರಿಗೂ ಕಣ್ಣಿಗೆ ಕಾಣೂ ಹಂಗ. ನೀವು ಅದನ್ನ ಓದೂ ಮಷೀನ್ ಮಾಡ್ರಿ."

"ನಾನಾ?"

"ಮತ್ತ್ಯಾರು? ಆದ್ರೂ ಅಂದೋರು ನೀವಲ್ಲೇನು?"

ಹೀಗೆ ಶನಿವಾರಗಳು ಶುರುವಾದವು. ಬರ್ಬ್ಯಾಂಕಿನಿಂದ ಸರ್ಫ್‌ಲೈನರ್ ಟ್ರೈನು ಹತ್ತಿ, ಕಡಲ ದಂಡೆಯಗುಂಟ ಕೂತು ಬಂದು ಅವಳು ಸ್ಯಾನ್ ಡಿಯೇಗೊದ ಸಾಂಟಾ ಫೆ ಡಿಪೋ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಳು. ಅವನು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಹಿಡಿದು ಕಾಯುತ್ತಿದ್ದ. ಆ ಕಾಲದ ಕಾರ್ಖಾನೆಯಲ್ಲಿ ತಂತಿ ಯಾವ ಉಂಗುರಕ್ಕೆ ಹೋಗಬೇಕೆಂದು ಮಷೀನೊಂದು ತೋರಿಸಿಕೊಡುತ್ತಿತ್ತಂತೆ. ಇಲ್ಲಿ ಆ ಮಷೀನು ಜಯಂತ. ಅವನು ನಕ್ಷೆ ನೋಡಿ ಹೇಳಬೇಕು, ಅವಳು ಸೂಜಿ ನಡೆಸಬೇಕು.

"ಒಳಗೆ."

"ಹ್ಞೂಂ."

"ಹೊರಗೆ. ಹೊರಗೆ. ಒಳಗೆ."

ಮಧ್ಯಾಹ್ನವಿಡೀ ಇಬ್ಬರ ನಡುವೆ ಎರಡೇ ಮಾತು. ಆದರೆ ಒಂದೇ ಮಾತನ್ನು ಸಾವಿರ ಸಲ ಹೇಳುವಾಗ ದನಿ ಸಾವಿರ ತರ ಆಗುತ್ತದೆ. ಹಸಿದಾಗ ಅವನ 'ಒಳಗೆ' ಸಣ್ಣದಾಗುತ್ತಿತ್ತು. ಅವಳ ಹಣೆಯ ಮೇಲೆ ಕೂದಲು ಜಾರಿದಾಗ 'ಹೊರಗೆ' ಎನ್ನುವುದನ್ನೇ ಮರೆಯುತ್ತಿದ್ದ. ಅವಳು ತಲೆ ಎತ್ತಿ ಹುಬ್ಬು ಹಾರಿಸುತ್ತಿದ್ದಳು, ಅವನು ಗಡಬಡಿಸಿ ನಕ್ಷೆಯಲ್ಲಿ ಸಾಲು ಹುಡುಕುತ್ತಿದ್ದ.

ಮೊದಲ ಶನಿವಾರವೇ ಒಂದು ಪಾಠವಾಗಿತ್ತು. ಹಿತ್ತಾಳೆ ಕೊಳವೆಯಿಂದ ಅವಳೇ ಮಾಡಿಕೊಂಡಿದ್ದ ಗೇಣುದ್ದದ ಸೂಜಿ ಕೆಳಗೆ ಬಿತ್ತು. ಅವನು ಎತ್ತಿ ಕೈ ಚಾಚಿದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಟೇಬಲ್ ಮ್ಯಾಲೆ ಇಡ್ರಿ. ಸೂಜಿ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗ್ತೈತಿ."

"ನಮ್ದು ಆಗ್ಲೇ ಆಗಿದೆಯಲ್ಲ?"

"ಅದಕ್ಕ. ಇನ್ನೊಂದು ಬ್ಯಾಡ."

ಅವನು ನಕ್ಕು ಮೇಜಿನ ಮೇಲೆ ಇಟ್ಟ. ಆಮೇಲೆ ಒಂದು ದಿನವೂ ಮರೆಯಲಿಲ್ಲ. ಸೂಜಿಯನ್ನು ಮೇಜಿನ ಮೇಲೆ, ಅವಳ ಬಲಗೈ ಹತ್ತಿರ, ತುದಿ ಆಚೆ ಮಾಡಿ ಇಡುತ್ತಿದ್ದ. ಇಷ್ಟು ಸಣ್ಣ ವಿಷಯವನ್ನು ಇಷ್ಟು ಜೋಪಾನವಾಗಿ ನೆನಪಿಡುವವನು ಬೇರೆ ಏನೇನು ನೆನಪಿಟ್ಟಿರಬಹುದು ಎಂದು ಅವಳು ವಾಪಸ್ ಟ್ರೈನಿನಲ್ಲಿ ಯೋಚಿಸುತ್ತಿದ್ದಳು. ಆ ಯೋಚನೆ ಬರ್ಬ್ಯಾಂಕ್ ಬಂದರೂ ಮುಗಿಯುತ್ತಿರಲಿಲ್ಲ.

*

ಈಗ ಅದೇ ಡಿಪೋದ ಬೆಂಚಿನ ಮೇಲೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಶುಕ್ರವಾರದ ಮಧ್ಯಾಹ್ನ, ಬಿಸಿಲು ಹಂಚಿನ ಮೇಲೆ ಬಿದ್ದಿತ್ತು. ರೂಮ್‌ಮೇಟ್ ರಿಮ್ಶಾಗೆ ಫೋನ್ ಮಾಡಿದಳು. ರಿಮ್ಶಾ ಮೈಸೂರಿನವಳು, ಯಾವ ಸಂಕಟಕ್ಕೂ ಅಳುವ ಜಾತಿಯಲ್ಲ.

"ಚೌಕಟ್ಟು ಎತ್ಕೊಂಡೇ ಬಂದ್ಯಾ? ನಾಳೆ ಶೋ ಅಲ್ವೇನೇ?"

"ಚಿಪ್ ಐತಲ್ಲ, ಅದನ್ನ ತೋರಸ್ಲಿ. ಖಾಲಿ ಮಖಮಲ್ಲು ಹಾಸಿ ತೋರಸ್ಲಿ. ಓ, ಮಖಮಲ್ಲೂ ನಾನೇ ತಂದೀನಿ."

"ಅಂಕಲ್ ಮೇಲೆ ಕೋಪಾನಾ, ಅವನ ಮೇಲಾ?"

ಮಂಜುಶ್ರೀ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಂಕಲ್ ಡೆಕೋರೇಶನ್ ಅಂದದ್ದು ಚುಚ್ಚಿತ್ತು, ಆದರೆ ಅದು ಮೇಲಿನ ಗಾಯ. ಅಷ್ಟು ಶನಿವಾರ ಎದುರಿಗೆ ಕೂತು ಒಳಗೆ ಹೊರಗೆ ಎಂದವನೇ, ಅವಳ ಬೆನ್ನ ಹಿಂದೆ ಅವಳ ತಂತಿ ಬಿಚ್ಚಿ ಟೇಪ್ ಸುತ್ತಿದ್ದ. ಆ ಟೇಪನ್ನು ಎಷ್ಟು ನಾಜೂಕಾಗಿ ಸುತ್ತಿದ್ದನೆಂದರೆ ಅದು ಅವನದೇ ಕೈ ಎಂದು ನೋಡಿದ ಕೂಡಲೇ ಗೊತ್ತಾಗಿತ್ತು. ಅವಳಿಗೆ ಅಳು ಬಂದದ್ದು ಅಲ್ಲಿ. ಅಳುವ ಬದಲು ಕೂಗಾಡಿ ಬಂದಿದ್ದಳು, ಅದು ಅವಳ ರೀತಿ.

"ಟ್ರೈನ್ ಬಂತು, ಇಡ್ತೀನಿ," ಎಂದಳು.

ಕಿಟಕಿ ಪಕ್ಕ ಕೂತಳು. ಬಾಗಿಲು ಮುಚ್ಚುವ ಹೊತ್ತಿಗೆ ಯಾರೋ ಓಡಿ ಬಂದು ಹತ್ತಿದರು. ಏದುಸಿರು ಬಿಡುತ್ತ, ಸಾಲುಗಳನ್ನು ನೋಡುತ್ತ ಬಂದವನು ಜಯಂತ. ಅವಳು ಮುಖ ಕಿಟಕಿಗೆ ತಿರುಗಿಸಿದಳು. ಅವನು ಪಕ್ಕದ ಸೀಟು ಖಾಲಿ ಬಿಟ್ಟು, ನಡುವಿನ ದಾರಿಯ ಆಚೆ ಕೂತ. ಜೇಬಿನಿಂದ ಒಂದು ವಸ್ತು ತೆಗೆದು ಆ ಖಾಲಿ ಸೀಟಿನ ಮೇಲೆ ಮೆಲ್ಲಗೆ ಇಟ್ಟ.

ಹಿತ್ತಾಳೆ ಸೂಜಿ. ತುದಿ ಆಚೆ.

"ಮರೆತು ಬಂದಿದ್ರಿ," ಎಂದ.

"ಇದನ್ನ ಕೊಡಾಕ ಟ್ರೈನ್ ಹತ್ತಿದ್ರೇನು?"

"ಹೌದು. ಇಲ್ಲ."

"ಒಂದು ಹೇಳ್ರಿ. ಹೌದೋ, ಇಲ್ಲೋ?"

ಓಲ್ಡ್ ಟೌನ್ ಸ್ಟೇಷನ್ ಹೋಯಿತು. ಅವನ ಆಫೀಸಿರುವ ಸೊರೆಂಟೊ ವ್ಯಾಲಿಯೂ ಹಿಂದೆ ಸರಿಯಿತು. ಗುಡ್ಡ ಸುತ್ತಿಕೊಂಡು ಟ್ರೈನು ಡೆಲ್ ಮಾರ್ ಕಡೆ ಇಳಿಯಿತು, ಒಮ್ಮೆಲೇ ಎಡಗಡೆ ಪೂರ್ತಿ ಸಮುದ್ರ ಬಂತು. ಬೇರೆ ದಿನವಾಗಿದ್ದರೆ ಅವಳು ಫೋಟೋ ತೆಗೆಯುತ್ತಿದ್ದಳು.

"ಏಳು, ಆರು, ಮೂರು, ಎರಡು, ಮೂರು, ಎರಡು," ಎಂದ ಜಯಂತ.

"ಏನದು?"

"ಕೌಂಟ್‌ಡೌನ್. ಐದರಿಂದ ಸೊನ್ನೆಗೆ ಬರ್ಬೇಕಲ್ವಾ? ನಿಮ್ಮ ತಂತಿ ಓದಿಸ್ದಾಗ ಹಂಗೆ ಬಂತು. ಕೆಂಪು ತಂತಿ. ಅದು ಎಲ್ಲಾ ಉಂಗುರದಲ್ಲೂ ಒಂದು ಅಂತಾನೇ ಹೇಳ್ತಿದೆ. ಸೊನ್ನೆ ಇರೋ ಕಡೆನೂ."

ಮಂಜುಶ್ರೀಯ ಕೈ ತಾನಾಗಿ ಚೀಲಕ್ಕೆ ಹೋಯಿತು. ಚೌಕಟ್ಟು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಎಣಿಕೆಯ ಸಾಲಿನಲ್ಲಿ ಆರು ಉಂಗುರ, ಐದಕ್ಕೊಂದು, ನಾಲ್ಕಕ್ಕೊಂದು, ಹೀಗೆ ಸೊನ್ನೆಯ ತನಕ. ಮೂರು ತಂತಿಗಳಿಗೆ ನಾಲ್ಕು, ಎರಡು, ಒಂದು ಎಂದು ಬೆಲೆ, ಒಳಗೆ ತೂರಿದವನ್ನು ಕೂಡಿದರೆ ಅಂಕಿ, ಕೆಂಪಿನದು ಎರಡು. ಕೆಂಪು ತಂತಿ ಮೂರು ಮತ್ತು ಎರಡರ ಉಂಗುರಗಳಲ್ಲಿ ಮಾತ್ರ ಒಳಗೆ ಹೋಗಬೇಕು, ಉಳಿದ ಕಡೆ ಹೊರಗೆ. ಅವಳು ಬೆರಳಿಟ್ಟು ನೋಡುತ್ತ ಹೋದಳು. ಹೋಗುವಾಗ ಸರಿಯಾಗಿಯೇ ಹೋಗಿತ್ತು. ಕೊನೆಯಲ್ಲಿ ತಂತಿ ತಿರುಗಿತ್ತು. ತಿರುಗಿ, ಬಿಟ್ಟುಬಂದ ಉಂಗುರಗಳೊಳಗೆಲ್ಲ ಒಂದೊಂದಾಗಿ ತೂರಿಕೊಂಡು ವಾಪಸ್ ಬಂದಿತ್ತು.

ಅವಳ ಬೆರಳು ನಿಂತಿತು.

ಅದು ಗವಂತಿ. ಧಾರವಾಡದ ಕಸೂತಿಯ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುವುದು, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುವುದು. ಎಲ್ಲೂ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಸಮ ಕಾಣಬೇಕು. ಬಾಲ್ಯದಲ್ಲಿ ಕಲಿತ ಕೈ, ಆ ದಿನ ತಂತಿಯ ತುದಿ ಮುಗಿದಾಗ ಗಂಟು ಹಾಕಲು ನಾಚಿ, ಹೊಲಿಗೆ ಎಂದೇ ತಿಳಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟುಬಿಟ್ಟಿತ್ತು. ಕಸೂತಿಯಲ್ಲಿ ಬಿಟ್ಟ ಜಾಗ ತುಂಬಿದರೆ ಜಾಣತನ. ಚಂದ್ರನ ಲೆಕ್ಕದಲ್ಲಿ ಬಿಟ್ಟ ಜಾಗ ಬಿಟ್ಟೇ ಇರಬೇಕು, ಸೊನ್ನೆ ವಾಸ ಮಾಡುವುದೇ ಅಲ್ಲಿ.

"ನಂದೇ ತಪ್ಪು," ಎಂದಳು.

"ಸಣ್ಣದು..."

"ಸಣ್ಣದು ಅನಬ್ಯಾಡ್ರಿ. ಯಾವಾಗ ಗೊತ್ತಾತು?"

"ಎರಡು ವಾರ ಆಯ್ತು."

"ಎರಡು ವಾರ." ಅವಳ ದನಿ ಏರಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ತಿರುಗಿ ನೋಡಿದಳು. "ಹೋದ ಶನಿವಾರ ನನ್ನ ಎದುರಿಗೆ ಕೂತು ಕಾಫಿ ಕುಡದ್ರಿ. ಎಲ್ಲಾ ಚಂದ ಬಂದೈತಿ ಅಂದ್ರಿ. ಆ ಕಾರ್ಖಾನಿಯೊಳಗ ತಪ್ಪು ಸಿಕ್ಕಿದ್ರ ಏನು ಮಾಡ್ತಿದ್ರು? ಮುಚ್ಚಿ ಮ್ಯಾಲೆ ಕಳಿಸ್ತಿದ್ರೇನು? ಆ ಹೆಂಗಸಿನ ಮುಂದ ತಂದಿಟ್ಟು, ನೋಡಮ್ಮಾ ಇಲ್ಲಿ ತಪ್ಪೈತಿ, ಬಿಚ್ಚು ಅಂತಿದ್ರು. ಅದು ಮರ್ಯಾದಿ. ನನ್ನ ಕೆಲಸಕ್ಕ ಅಷ್ಟು ಮರ್ಯಾದಿ ಇಲ್ಲೇನು ನಿಮ್ಮ ಕಡೆ?"

"ನೀವು ಬೇಜಾರಾಗ್ತೀರಿ ಅಂತ..."

"ತಪ್ಪು ಮಾಡಿದ್ದಕ್ಕ ಬ್ಯಾಸರ ಇಲ್ರಿ ನನಗ. ನನ್ನ ತಪ್ಪನ್ನ ನನಗ ಹೇಳಲಾರದಷ್ಟು ಸಣ್ಣಾಕಿ ಅಂತ ತಿಳದ್ರಲ್ಲ, ಅದಕ್ಕ."

ಅವನು ತಲೆ ತಗ್ಗಿಸಿದ. ಸಮುದ್ರ ಪಕ್ಕದಲ್ಲೇ ಓಡುತ್ತಿತ್ತು. ಆಮೇಲೆ ಮಾತಾಡಿದ. ಅವಳು ಕೇಳಿದ್ದರಲ್ಲಿ ಅದೇ ಅವನ ಅತಿ ಉದ್ದದ ಮಾತು.

"ನಿಮ್ಮನ್ನ ಸಣ್ಣೋರು ಅಂತ ಯಾವತ್ತೂ ತಿಳ್ಕೊಂಡಿಲ್ಲ. ನಾನು ಸಣ್ಣೋನು, ಹೆದರ್ಕೊಂಡೆ. ಮೊದಲ ದಿನ ಒಂದೇ ಒಂದು ಪದಕ್ಕೆ ಎಷ್ಟು ಬೈದ್ರಿ. ನಿಮ್ಮ ಕೈಕೆಲಸದಲ್ಲಿ ತಪ್ಪಿದೆ ಅಂದ್ರೆ ಎದ್ದು ಹೋಗ್ತೀರಿ, ಮತ್ತೆ ಬರಲ್ಲ ಅಂದ್ಕೊಂಡೆ. ಅಂಕಲ್ ಚಿಪ್ ಹಾಕು ಅಂದಾಗ ಬೇಡ ಅನ್ಬೇಕಿತ್ತು. ಹಾಕ್ದೆ. ಟೇಪ್ ಸುತ್ತುವಾಗ ಕಳ್ಳತನ ಮಾಡ್ತಿದೀನಿ ಅನ್ನಿಸ್ತು, ಆದ್ರೂ ಸುತ್ತಿದೆ. ನನಗೆ ಶನಿವಾರ ಬೇಕಿತ್ತು ಮಂಜುಶ್ರೀ. ಅಷ್ಟೇ."

ಅವಳು ಅವನನ್ನು ನೋಡಿದಳು. ಬೆಂಗಳೂರಿನಲ್ಲಿ ಎಷ್ಟು ವರ್ಷ ಓದಿದನೋ ಏನೋ, ಇಷ್ಟು ಸಾದಾ ಲೆಕ್ಕ ಬರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

"ತಪ್ಪೈತಿ ಅಂತ ಹೇಳಿದ್ರ ಬಿಚ್ಚಿ ಮತ್ತ ನೇಯಾಕ ಇನ್ನೂ ನಾಕು ಶನಿವಾರ ಬರತಿದ್ನಲ್ರೀ."

ಜಯಂತನ ಕಿವಿ, ಕೆನ್ನೆ, ಕುತ್ತಿಗೆ, ಎಲ್ಲಾ ಒಂದೇ ಬಣ್ಣವಾಯಿತು. ಅವಳಿಗೆ ನಗು ಉಕ್ಕಿತು, ಆದರೆ ಈಗ ನಕ್ಕರೆ ಕೋಪಕ್ಕೆ ಅವಮಾನ ಎಂದು ತುಟಿ ಕಚ್ಚಿದಳು.

ಕಂಡಕ್ಟರ್ ಬಂದ. ಜಯಂತನ ಹತ್ತಿರ ಟಿಕೆಟ್ ಇರಲಿಲ್ಲ. ಎಲ್ಲಿಗೆ ಎಂದು ಕೇಳಿದಾಗ ಅವನು ಮಂಜುಶ್ರೀಯ ಕಡೆ ಕೈ ತೋರಿಸಿ, ಇವರು ಎಲ್ಲಿ ಇಳೀತಾರೋ ಅಲ್ಲಿಗೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಕಂಡಕ್ಟರ್ ಅವಳ ಟಿಕೆಟ್ ನೋಡಿದ. ಅದರಲ್ಲಿ ಬರ್ಬ್ಯಾಂಕ್ ಎಂದಿತ್ತು.

"ಇಲ್ಲ," ಎಂದಳು ಅವಳು, ಸೂಜಿಯನ್ನು ಸೀಟಿನಿಂದ ಎತ್ತಿಕೊಳ್ಳುತ್ತ. "ಮುಂದಿನ ಸ್ಟೇಷನ್, ಸೊಲಾನಾ ಬೀಚ್. ಇಬ್ಬರಿಗೂ. ನಾಳೆ ಶೋ ಐತಿ, ವಾಪಸ್ ಹೋಗಬೇಕು."

*

ಶನಿವಾರ ಬೆಳಿಗ್ಗೆ ಹಾಲು ತುಂಬಿತ್ತು. ಉದಯಶಂಕರ ಅಂಕಲ್ ರೇಷ್ಮೆ ಜುಬ್ಬಾ ಹಾಕಿಕೊಂಡು ಬಾಗಿಲಲ್ಲಿ ಕೈ ಮುಗಿಯುತ್ತಿದ್ದರು. ಚೌಕಟ್ಟು ವಾಪಸ್ ಬಂದದ್ದೇ ಅವರಿಗೆ ಹೋದ ಜೀವ ಬಂದಂತಾಗಿತ್ತು. ಆದರೆ ಜಯಂತ ಎಲ್ಲರೆದುರು ಮಖಮಲ್ಲು ಎತ್ತಿ, ಆ ಹಸಿರು ಬೋರ್ಡನ್ನು ಕಿತ್ತು ತಂದು ಅವರ ಅಂಗೈಯಲ್ಲಿ ಇಟ್ಟಾಗ ಆ ಜೀವ ಮತ್ತೆ ಹೋಯಿತು.

"ಇದು ಬೇಡ ಅಂಕಲ್."

"ಏನಪ್ಪಾ ಇದು, ಜನ ಎಲ್ಲಾ ಕೂತಿದ್ದಾರೆ. ಫೇಲ್ ಆದ್ರೆ?"

"ಆಗುತ್ತೆ. ಮೊದಲ ಸಲ ಫೇಲ್ ಆಗೇ ಆಗುತ್ತೆ. ಅದನ್ನೂ ತೋರಿಸ್ತೀವಿ. ನಾನು ಇದನ್ನ ಹಾಕಿದ್ದು ತಪ್ಪು. ನೀವು ಅವರ ಕೆಲಸಕ್ಕೆ ಡೆಕೋರೇಶನ್ ಅಂದಿದ್ದೂ ತಪ್ಪು."

ಮಾತು ನಡುವೆ ಎಲ್ಲೂ ನಿಲ್ಲಲಿಲ್ಲ. ಮಂಜುಶ್ರೀ ಚೌಕಟ್ಟಿನ ತಂತಿಗಳನ್ನು ಜೋಡಿಸುತ್ತಿದ್ದವಳು ಕೈ ತಡೆದು ಕೇಳಿದಳು. ಅಂಕಲ್ ಚಿಪ್ಪನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು.

ಜಯಂತ ಗುಂಡಿ ಒತ್ತಿದ. ಪೆಟ್ಟಿಗೆಯಲ್ಲಿ ಹಸಿರು ಅಂಕಿಗಳು ಮೂಡಿದವು. ಏಳು. ಆರು. ಮೂರು. ಎರಡು. ಜನ ಮುಂದಕ್ಕೆ ಬಾಗಿದರು. ಮೂರು. ಎರಡು. ಅಲ್ಲಿಗೆ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಈ ರಾಕೆಟ್ ಹಾರೋ ಹಾಗಿಲ್ಲ ಎಂದರು ಇನ್ನಾರೋ.

"ಹೌದು, ಹಾರಂಗಿಲ್ಲ," ಎಂದು ಮಂಜುಶ್ರೀ ಎದ್ದು ನಿಂತಳು. ತಪ್ಪು ತನ್ನದು ಎಂದು ಕನ್ನಡದಲ್ಲಿ ಹೇಳಿದಳು, ಇಂಗ್ಲಿಷಿನಲ್ಲೂ ಹೇಳಿದಳು. ಕೆಂಪು ತಂತಿ ಎಲ್ಲಿ ತಿರುಗಿತು, ಕಸೂತಿಯ ಕೈ ಹೇಗೆ ಮೋಸ ಹೋಯಿತು ಎಂದು ತೋರಿಸಿದಳು. ಆ ಕಾಲದ ಕಾರ್ಖಾನೆಯ ಹೆಂಗಸರಿಗೆ ತಪ್ಪು ಸಿಕ್ಕರೆ ಅವರೂ ಹೀಗೇ ಬಿಚ್ಚುತ್ತಿದ್ದರು, ಬಿಚ್ಚಿ ಸರಿ ಮಾಡಿದ್ದಕ್ಕೇ ಮನುಷ್ಯರು ಹೋಗಿ ಜೀವಂತ ಬಂದರು, ಅವರನ್ನು ಮುದುಕಿಯರು ಎಂದು ನಕ್ಕವರ ಲೆಕ್ಕವನ್ನೂ ಅವರೇ ನೇಯ್ದರು ಎಂದಳು. ಆ ಮಾತು ಹೇಳುವಾಗ ಅವಳ ಮುಖ ಕೆಂಪಾಗಿತ್ತು. ಈ ಸಲ ಯಾರೂ ನಗಲಿಲ್ಲ.

ಕೂತು ಕೆಂಪು ತಂತಿಯ ತುದಿ ಹಿಡಿದು ಎಳೆದಳು. ಗಂಟಿಲ್ಲದ ಹೊಲಿಗೆಗೆ ಅದೊಂದು ಸುಖ, ಹೂವಿನ ಮಾಲೆಯಿಂದ ದಾರ ಜಾರಿದ ಹಾಗೆ ಪೂರ್ತಿ ಸಾಲು ಹೊರಬಂತು. ಜಯಂತ ಎದುರಿಗೆ ಕೂತ. ಕೈಯಲ್ಲಿ ನಕ್ಷೆ ಇರಲಿಲ್ಲ. ಆ ಸಾಲು ಅವನಿಗೆ ಬಾಯಿಪಾಠವಾಗಿತ್ತು.

"ಹೊರಗೆ."

"ಹ್ಞೂಂ."

"ಹೊರಗೆ. ಒಳಗೆ. ಒಳಗೆ."

ಹಾಲಿನಲ್ಲಿ ಅವನ ದನಿಯೊಂದೇ ಕೇಳುತ್ತಿತ್ತು. ಅವಳ ಹಣೆಯ ಮೇಲೆ ಕೂದಲು ಜಾರಿತು. ಅವನು ನಿಲ್ಲಿಸಿದ. ಅವಳು ತಲೆ ಎತ್ತಿ ಹುಬ್ಬು ಹಾರಿಸಿದಳು.

"ಹೊರಗೆ," ಎಂದ, ಎಲ್ಲರಿಗೂ ಕೇಳುವಷ್ಟು ಕೆಂಪಾಗಿ. "ಹೊರಗೆ."

ಸಾಲು ಮುಗಿಯಿತು. ಈ ಸಲ ಅವಳು ಹಿಂದಕ್ಕೆ ತಿರುಗಲಿಲ್ಲ. ತುದಿಯನ್ನು ಅವನ ಕಡೆ ಚಾಚಿದಳು. "ಗಂಟು ಹಾಕಲಿಕ್ಕೇಬೇಕು ಅಂದ್ರ ಹಾಕ್ರಿ," ಎಂದಳು ಮೆಲ್ಲಗೆ. ಅವನು ಸೀಸ ಕರಗಿಸಿ ತಂತಿಯನ್ನು ಬೆಸೆದ. ಬೆಸುಗೆ ಗಟ್ಟಿಯಾಗಿ ಕೂತಿತು.

ಐದು. ನಾಲ್ಕು. ಮೂರು. ಜನ ತಾವೇ ಎಣಿಸತೊಡಗಿದರು. ಎರಡು. ಒಂದು.

ಸೊನ್ನೆ ಬಂತು. ಹಸಿರಾಗಿ, ದುಂಡಗೆ, ಹೊಳೆಯುತ್ತ ನಿಂತಿತು. ಚಪ್ಪಾಳೆಯ ಸದ್ದಿನಲ್ಲಿ ಅಂಕಲ್ ಮೈಕ್ ಹಿಡಿದು, ಈ ಕಂಪ್ಯೂಟರಿನ ಬುದ್ಧಿ ನೇಯ್ದವರು ಮಂಜುಶ್ರೀ ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಅವರಿಗೂ ಅದು ನಿಜ ಅನಿಸಿದ ಹಾಗೆ ಕಂಡಿತು. ಮಂಜುಶ್ರೀಗೆ ಪೂರ್ತಿ ಸಮಾಧಾನವಾಗಲಿಲ್ಲ, ಆದರೂ ಕೈ ಮುಗಿದಳು.

*

ಜನ ಹೊರಟ ಮೇಲೆ ಜಯಂತ ಕುರ್ಚಿ ಮಡಚಿಟ್ಟು ಬಂದ. ಅವಳು ಚೌಕಟ್ಟಿನ ಮುಂದೆ ಒಬ್ಬಳೇ ಕೂತಿದ್ದಳು.

"ಒಂದು ಹೇಳೂದು ಉಳದೈತಿ," ಎಂದಳು. "ನನ್ನ ಕೈ ಗವಂತಿ ಹಾಕಿತು ಖರೆ. ಕಣ್ಣು ಅದರ ಮ್ಯಾಲೆ ಇದ್ದಿದ್ರ ಹಾಕ್ತಿರಲಿಲ್ಲ. ಆ ದಿನ ನೀವು ಕಾಫಿ ಸೋಸುತ್ತ ಏನೋ ಗುನಗ್ತಿದ್ರಿ. ನಾ ತಂತಿ ನೋಡಲಿಲ್ಲ. ನಿಮ್ಮನ್ನ ನೋಡ್ತಿದ್ದೆ."

ಜಯಂತನ ಈ ಸಲದ ಮೌನದಲ್ಲಿ ಅವಳು ತುಂಬಬೇಕಾದ ಜಾಗ ಯಾವುದೂ ಇರಲಿಲ್ಲ. ಅವನ ಮುಖದ ಮೇಲೆ ಎಲ್ಲಾ ಬರೆದಿತ್ತು.

ಮೇಜಿನ ಕೆಳಗೆ ಸೂಜಿ ಬಿದ್ದಿತ್ತು. ಅವನು ಬಗ್ಗಿ ಎತ್ತಿಕೊಂಡ. ಅಭ್ಯಾಸದಂತೆ ಅವಳ ಬಲಗೈ ಹತ್ತಿರ ಇಡಲು ಹೋದ. ಅವಳು ಅಂಗೈ ಚಾಚಿದಳು.

"ಕೈಯಾಗ ಕೊಡ್ರಿ."

"ಜಗಳ ಆಗುತ್ತೆ."

"ಆಗ್ಲಿ. ನನ್ನ ತಪ್ಪು ಕಂಡಾಗೆಲ್ಲ ನನ್ನ ಜೋಡಿ ಜಗಳ ಆಡ್ರಿ. ಮುಚ್ಚಿಡೂದು ಮಾತ್ರ ಬ್ಯಾಡ."

"ಬರೀ ಶನಿವಾರಾನಾ?"

"ದಿನಾ ಆಡ್ರಿ."

ಅವನು ಸೂಜಿಯನ್ನು ಅವಳ ಅಂಗೈಯಲ್ಲಿ ಇಟ್ಟ. ಕೈ ತೆಗೆಯಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಹಿರಿಯರ ಮಾತು ಸುಳ್ಳಾಗುವುದಿಲ್ಲ. ದಿನಾ ಜಗಳ ಆಡುವುದಾದರೆ ಸಂಸಾರ ಬರ್ಬ್ಯಾಂಕಿನಲ್ಲೋ ಸ್ಯಾನ್ ಡಿಯೇಗೊದಲ್ಲೋ ಎಂಬ ಮೊದಲನೆಯ ಜಗಳ ಪಾರ್ಕಿಂಗ್ ಲಾಟ್ ತಲುಪುವ ಮೊದಲೇ ಶುರುವಾಯಿತು. ಉದಯಶಂಕರ ಅಂಕಲ್ ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋದರು. ಅವರಿಬ್ಬರೂ ಇನ್ನೂ ಅಲ್ಲೇ ನಿಂತಿದ್ದರು, ಜಯಂತ ಅವಳಿಗಿಂತ ಜೋರಾಗಿ ಮಾತಾಡುತ್ತಿದ್ದ.